ವಿಪತ್ತು ರಕ್ಷಣಾ ಸಿಬ್ಬಂದಿಯ ತೀವ್ರ ಒತ್ತಡ: ಯಾವ ಡೇಟಾಗೆ ಯಾವ ಮಾಡೆಲ್?

2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಮೂರು ರೈಲುಗಳು ಡಿಕ್ಕಿಯಾದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ಒಂಬತ್ತು ತಂಡಗಳು ಅಲ್ಲಿ ದುಡಿದವು. ಕೆಲವೇ ದಿನಗಳಲ್ಲಿ, ಆಗ ಮಹಾನಿರ್ದೇಶಕರಾಗಿದ್ದ ಅತುಲ್ ಕರ್ವಾಲ್ ತಮ್ಮ ಸಿಬ್ಬಂದಿಯ ಸ್ಥಿತಿಯನ್ನು ಸಾರ್ವಜನಿಕವಾಗಿಯೇ ಹೇಳಿದರು. ಒಬ್ಬರಿಗೆ ನೀರು ಕಂಡರೆ ರಕ್ತ ಕಂಡ ಹಾಗಾಗುತ್ತದೆ. ಇನ್ನೊಬ್ಬರಿಗೆ ಹಸಿವೇ ಆಗುತ್ತಿಲ್ಲ.

ಈ ಇಬ್ಬರೂ ನಿಮ್ಮ ಸಂಶೋಧನೆಯ ಪ್ರಶ್ನಾವಳಿ ತುಂಬಿದರು ಅಂತ ಇಟ್ಟುಕೊಳ್ಳಿ. ಮೊದಲನೆಯವರ ಕಷ್ಟ ಅಂಕಿಯಾಗಿ ಬರುತ್ತದೆ. ಬೇಡವೆಂದರೂ ಬಂದು ಕಾಡುವ ದೃಶ್ಯಗಳ ಬಗ್ಗೆ ಎಲ್ಲ ಪ್ರಶ್ನಾವಳಿಗಳೂ ಕೇಳುತ್ತವೆ. ಎರಡನೆಯವರ ಕಷ್ಟ ಬರುವುದೇ ಇಲ್ಲ. ತೀವ್ರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೊಡುವ 14 ಲಕ್ಷಣಗಳಲ್ಲಿ ಹಸಿವು ಸೇರಿಲ್ಲ. ಆಘಾತದ ಪರಿಣಾಮ ಅಳೆಯುವ ಐಇಎಸ್-ಆರ್ ಪ್ರಶ್ನಾವಳಿಯ 22 ಪ್ರಶ್ನೆಗಳಲ್ಲೂ ಇಲ್ಲ. ಹಾಗಾಗಿ ಮಾಡೆಲ್ (ಡೇಟಾದಿಂದ ಉತ್ತರ ತೆಗೆಯುವ ಸಂಖ್ಯಾಶಾಸ್ತ್ರದ ಲೆಕ್ಕ) ಆರಿಸುವ ಮೊದಲೇ ಒಂದು ಆಯ್ಕೆ ನಡೆದುಹೋಗಿರುತ್ತದೆ. ಯಾವ ಅಂಕಿಯನ್ನು ಮಾಡೆಲ್ ಮಾಡುತ್ತಿದ್ದೇವೆ, ಅದರಲ್ಲಿ ಏನು ಸೇರಿಲ್ಲ ಅನ್ನುವುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ.

ಮನಶ್ಶಾಸ್ತ್ರ, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ ಓದುತ್ತಾ ಇಂಥ ಡೇಟಾ ಕೈಗೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಹತ್ತಾರು ಮೆನು ಇವೆ. ಯಾವುದನ್ನು ಒತ್ತಿದರೂ ಉತ್ತರ ಬರುತ್ತದೆ. ಆದರೆ ಆ ಉತ್ತರದ ಮೇಲೆ ಯಾರನ್ನು ಕೌನ್ಸೆಲಿಂಗ್‌ಗೆ ಕರೆಯಬೇಕು, ಯಾರನ್ನು ಮುಂದಿನ ಕಾರ್ಯಾಚರಣೆಗೆ ಕಳಿಸಬಾರದು ಅನ್ನುವುದು ನಿಂತಿದೆ. ನನ್ನ ಮಟ್ಟಿಗೆ ಮಾಡೆಲ್ ಆರಿಸುವಾಗ ಮೂರು ವಿಷಯ ಮುಖ್ಯ: ಯಾವ ದಿನ ಅಳೆದಿರಿ, ಯಾರು ಯಾವ ತಂಡದಲ್ಲಿದ್ದರು, ಕೊನೆಗೆ ಆ ಅಂಕಿಯಿಂದ ಯಾರು ಏನು ತೀರ್ಮಾನ ಮಾಡುತ್ತಾರೆ.

ಮೊದಲು ದಿನಗಳ ಲೆಕ್ಕ

ಡಿಎಸ್‌ಎಂ-5 ಪ್ರಕಾರ ತೀವ್ರ ಒತ್ತಡದ ಕಾಯಿಲೆಯ ಅವಧಿ ಘಟನೆಯ ನಂತರದ 3 ದಿನದಿಂದ 1 ತಿಂಗಳು. 14 ಲಕ್ಷಣಗಳಲ್ಲಿ 9 ಇರಬೇಕು. ಲಕ್ಷಣಗಳು ಒಂದು ತಿಂಗಳು ದಾಟಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಇದೆಯೇ ಅಂತ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ದಾರಿ ಬೇರೆ. ಅದು ತೀವ್ರ ಒತ್ತಡದ ಪ್ರತಿಕ್ರಿಯೆಯನ್ನು ಕಾಯಿಲೆ ಅಂತಲೇ ಕರೆಯುವುದಿಲ್ಲ. ಭೀಕರವಾದದ್ದನ್ನು ಕಂಡ ಮನುಷ್ಯನ ಸಹಜ ಪ್ರತಿಕ್ರಿಯೆ ಅನ್ನುತ್ತದೆ. ನನಗೆ ಎರಡನೆಯದು ಮಾಡೆಲ್ ಕಟ್ಟುವವರಿಗೆ ಜಾಸ್ತಿ ಉಪಯೋಗವಾಗುವ ನೋಟ ಅನ್ನಿಸುತ್ತದೆ. ಹತ್ತನೇ ದಿನ ಸ್ಕೋರ್ ಜಾಸ್ತಿ ಇದ್ದ ಮಾತ್ರಕ್ಕೆ ಯಾರೂ ರೋಗಿಯಾಗುವುದಿಲ್ಲ.

ಕಷ್ಟ ಇರುವುದು 'ಘಟನೆಯ ದಿನ' ಯಾವುದು ಅನ್ನುವುದರಲ್ಲಿ. ಸಂತ್ರಸ್ತರಿಗೆ ಅದು ಒಂದು ಕ್ಷಣ. ರಕ್ಷಣಾ ಸಿಬ್ಬಂದಿಗೆ ಹಾಗಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿ ನದಿಯಲ್ಲಿ ಹುಡುಕಾಟ ನಿಂತು ನಿಂತು ಸೆಪ್ಟೆಂಬರ್‌ವರೆಗೂ ನಡೆಯಿತು. ಅದೇ ಜುಲೈ 30ರಂದು ಕೇರಳದ ವಯನಾಡ್‌ನಲ್ಲೂ ಗುಡ್ಡ ಕುಸಿಯಿತು. ಎರಡೂ ಕಡೆ ದುಡಿದವರಿದ್ದರೆ ಅವರ ಸೊನ್ನೆಯ ದಿನ ಯಾವುದು? ಕೆಲಸಕ್ಕೆ ಇಳಿದ ದಿನವೇ, ಮೊದಲ ಶವ ಸಿಕ್ಕ ದಿನವೇ, ಸ್ಥಳ ಬಿಟ್ಟು ಹೊರಟ ದಿನವೇ? ಮೂರನ್ನೂ ಬರೆದಿಟ್ಟುಕೊಳ್ಳಿ. ಐಇಎಸ್-ಆರ್ ಕೇಳುವುದು ಕಳೆದ 7 ದಿನಗಳ ಬಗ್ಗೆ. ಆ 7 ದಿನ ವ್ಯಕ್ತಿ ಇನ್ನೂ ಕೆಸರಲ್ಲಿ ಹುಡುಕುತ್ತಿದ್ದರೇ, ಮನೆಯಲ್ಲಿದ್ದರೇ ಅನ್ನುವುದು ಗೊತ್ತಿಲ್ಲದಿದ್ದರೆ ಯಾವ ಮಾಡೆಲ್ ಹಾಕಿದರೂ ಪ್ರಯೋಜನವಿಲ್ಲ. ಎಷ್ಟೋ ಕಡೆ ಈ ದಿನಗಳ ಸಂಖ್ಯೆಯನ್ನು ಸುಮ್ನೆ ಕೈಬಿಡುತ್ತಾರೆ. ಅದನ್ನು ಒಂದು ಚರಾಂಶವಾಗಿ (ವೇರಿಯಬಲ್) ಮಾಡೆಲ್ ಒಳಗೆ ಇಡಲೇಬೇಕು. ನೇರ ಗೆರೆಯಾಗಿ ಬೇಡ, ಬಾಗಲು ಅವಕಾಶವಿರುವ ಸ್ಪ್ಲೈನ್ ಆಗಿ ಇಡಿ. ಮೊದಲ ವಾರದ ಇಳಿತ ಮೂರನೇ ವಾರದ ಇಳಿತದಷ್ಟೇ ಇರಬೇಕು ಅಂತೇನಿಲ್ಲ.

ಸ್ಕೋರ್ ಕತ್ತರಿಸಬೇಕೋ, ಬೇಡವೋ

ನಮ್ಮಲ್ಲಿ ಬರುವ ಬಹುಪಾಲು ಪ್ರಬಂಧಗಳು ಇಲ್ಲೇ ಮುಗ್ಗರಿಸುವುದು. ಐಇಎಸ್-ಆರ್ 0ರಿಂದ 88ರವರೆಗಿನ ಸ್ಕೋರ್ ಕೊಡುತ್ತದೆ. ಅದನ್ನು 33ಕ್ಕೆ ಕತ್ತರಿಸಿ ಒತ್ತಡ ಇದೆ, ಇಲ್ಲ ಅಂತ ಎರಡು ಗುಂಪು ಮಾಡಿ ಹೌದು-ಅಲ್ಲ ಉತ್ತರಕ್ಕಿರುವ ಲಾಜಿಸ್ಟಿಕ್ ರಿಗ್ರೆಷನ್ ಹಾಕುತ್ತಾರೆ. ಆ 33 ಎಲ್ಲಿಂದ ಬಂತು? ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಿಂದ. ಅದೂ ಪಿಟಿಎಸ್‌ಡಿ ಗುರುತಿಸಲು, ಯುದ್ಧ ಮುಗಿದು ದಶಕಗಳಾದ ಮೇಲೆ. ಅದನ್ನು ತಂದು ಹತ್ತು ದಿನದ ಹಿಂದೆ ಶವ ಎತ್ತಿದ ಇಪ್ಪತ್ತೈದರ ಹುಡುಗನಿಗೆ ಹಚ್ಚುವುದು ಸರಿಯಲ್ಲ.

ಕತ್ತರಿಸುವುದರಿಂದ ಎಷ್ಟು ಕಳೆದುಕೊಳ್ಳುತ್ತೇವೆ ಅನ್ನುವುದಕ್ಕೆ ಲೆಕ್ಕವೇ ಇದೆ. ಸ್ಕೋರ್ ಗಂಟೆಯಾಕಾರದಲ್ಲಿ ಹರಡಿದೆ ಅಂದುಕೊಳ್ಳಿ. ಸರಿಯಾಗಿ ನಡುವೆ ಕತ್ತರಿಸಿದರೆ ಸುಮಾರು 36% ಮಾಹಿತಿ ಹೋಗುತ್ತದೆ. 300 ಜನರನ್ನು ಮಾತಾಡಿಸಿ 190 ಜನರಷ್ಟೇ ಸಿಕ್ಕ ಹಾಗೆ. ಮೇಲಿನ 10% ಮಾತ್ರ 'ಇದೆ' ಗುಂಪಿಗೆ ಬರುವಂತೆ ಕತ್ತರಿಸಿದರೆ 300 ಜನ ಸುಮಾರು 100 ಜನರಿಗೆ ಇಳಿಯುತ್ತಾರೆ. ಹರಡುವಿಕೆ ಓರೆಯಾಗಿದ್ದರೆ ಅಂಕಿ ಬದಲಾಗುತ್ತದೆ, ಆದರೆ ನಷ್ಟ ತಪ್ಪುವುದಿಲ್ಲ. ಜೊತೆಗೆ, 300ರಲ್ಲಿ 10% ಅಂದರೆ 30 ಜನ. ಒಂದು ಚರಾಂಶಕ್ಕೆ ಕನಿಷ್ಠ 10 ಪ್ರಕರಣ ಬೇಕು ಅನ್ನುವ ಹಳೆಯ ಒರಟು ನಿಯಮ ಹಿಡಿದರೂ ಮೂರೇ ಚರಾಂಶಗಳಿಗೆ ಜಾಗ. ಹದಿನೈದು ತುರುಕಿದರೆ ಬರುವ ಉತ್ತರ ನಂಬುವಂಥದ್ದಲ್ಲ.

ಹಾಗಂತ ಲಾಜಿಸ್ಟಿಕ್ ಬೇಡವೇ ಬೇಡ ಅಂತಲ್ಲ. ತೀರ್ಮಾನವೇ ಹೌದು-ಅಲ್ಲ ಆಗಿದ್ದಾಗ ಅದು ಸರಿ. ಉದಾಹರಣೆಗೆ ವೈದ್ಯರೇ ಕೂತು ಮಾತಾಡಿಸಿ ಕಾಯಿಲೆ ಇದೆ, ಇಲ್ಲ ಅಂತ ಹೇಳಿದ್ದರೆ. ಆಗಲೂ ಆಡ್ಸ್ ರೇಶಿಯೋ ಓದುವಾಗ ಹುಷಾರು. ಆಡ್ಸ್ ಅಂದರೆ ಲಕ್ಷಣ ಇರುವವರ ಸಂಖ್ಯೆಯನ್ನು ಇಲ್ಲದವರ ಸಂಖ್ಯೆಯಿಂದ ಭಾಗಿಸಿದ ಅಂಕಿ. ಶವ ಎತ್ತಿದವರಲ್ಲಿ 40%, ಎತ್ತದವರಲ್ಲಿ 20% ಜನರಿಗೆ ಲಕ್ಷಣ ಇದೆ ಅನ್ನಿ. ಅಪಾಯ ಎರಡು ಪಟ್ಟು. ಆಡ್ಸ್ ರೇಶಿಯೋ ಬರುವುದು 2.67. ಇದನ್ನು 'ಎರಡೂಮುಕ್ಕಾಲು ಪಟ್ಟು ಜಾಸ್ತಿ ಜನರಿಗೆ' ಅಂತ ಬರೆದರೆ ತಪ್ಪು. ಮೊದಲ ವಾರಗಳಲ್ಲಿ ಲಕ್ಷಣಗಳು ಬಹಳ ಜನರಲ್ಲಿ ಇರುವುದರಿಂದ ಈ ತಪ್ಪು ಇಲ್ಲಿ ದೊಡ್ಡದಾಗುತ್ತದೆ. ಅಪಾಯದ ಅನುಪಾತವೇ ಬೇಕಿದ್ದರೆ ರೋಬಸ್ಟ್ ದೋಷದ ಲೆಕ್ಕದೊಂದಿಗೆ (ಮಾಡೆಲ್‌ನ ಊಹೆ ಸ್ವಲ್ಪ ತಪ್ಪಿದರೂ ನಿಲ್ಲುವ ಲೆಕ್ಕ) ಪಾಯ್ಸಾನ್ ರಿಗ್ರೆಷನ್ ಹಾಕಿ. 2004ರಿಂದ ಚಾಲ್ತಿಯಲ್ಲಿರುವ ಸುಲಭದ ದಾರಿ ಅದು.

ಸೊನ್ನೆಗಳ ರಾಶಿ

ಸ್ಕೋರನ್ನು ಕತ್ತರಿಸದೆ ಇಟ್ಟುಕೊಂಡಿರಿ. ಹಿಸ್ಟೋಗ್ರಾಂ ಹಾಕಿ ನೋಡಿ. ಸಾಮಾನ್ಯವಾಗಿ ಎಡಗಡೆ ಸೊನ್ನೆಯ ಹತ್ತಿರ ದೊಡ್ಡ ಗುಡ್ಡೆ, ಬಲಕ್ಕೆ ಉದ್ದನೆಯ ಬಾಲ. ಮಾಮೂಲಿ ಲೀನಿಯರ್ ರಿಗ್ರೆಷನ್ ಇದಕ್ಕೆ ಒಗ್ಗುವುದಿಲ್ಲ ಅಂತ ಹೆದರುವವರು ಜಾಸ್ತಿ. ನಾನು ಅಷ್ಟು ಹೆದರುವುದಿಲ್ಲ. ಸರಾಸರಿಗಳ ವ್ಯತ್ಯಾಸ ತಿಳಿಯುವುದಷ್ಟೇ ಗುರಿಯಾಗಿದ್ದು, ಸ್ಯಾಂಪಲ್ ಕೆಲವು ನೂರು ಇದ್ದರೆ, ರೋಬಸ್ಟ್ ದೋಷದ ಜೊತೆ ಲೀನಿಯರ್ ಸಾಕಾಗುತ್ತದೆ. ಸೊನ್ನೆಗಿಂತ ಕೆಳಗಿನ ಅಂದಾಜು ಬಂದರೆ ಮಾತ್ರ ಬೇರೆ ದಾರಿ ನೋಡಿ.

ಬೇರೆ ದಾರಿಗಳೆಂದರೆ ನೆಗೆಟಿವ್ ಬೈನಾಮಿಯಲ್, ಜೀರೋ-ಇನ್‌ಫ್ಲೇಟೆಡ್, ಆರ್ಡಿನಲ್. ಮೊದಲನೆಯದು ಎಣಿಕೆಗಾಗಿ ಹುಟ್ಟಿದ್ದು. ಐಇಎಸ್-ಆರ್ ಸ್ಕೋರ್ ಎಣಿಕೆಯಲ್ಲ, 0ರಿಂದ 4ರ ಉತ್ತರಗಳ ಮೊತ್ತ, 88ಕ್ಕೆ ನಿಲ್ಲುತ್ತದೆ. ಆದರೂ ಆಕಾರ ಹೊಂದುತ್ತದೆ ಅಂತ ಬಳಸುತ್ತಾರೆ. ಒಪ್ಪಬಹುದು.

ಜೀರೋ-ಇನ್‌ಫ್ಲೇಟೆಡ್ ಮಾಡೆಲ್ ಸೊನ್ನೆಗಳು ಎರಡು ಬಗೆ ಅನ್ನುತ್ತದೆ. ಆ ಗುಣಲಕ್ಷಣವೇ ಇಲ್ಲದವರ ಸೊನ್ನೆ, ಇದ್ದೂ ಆ ವಾರ ಸೊನ್ನೆ ಬಂದವರದು. ಸಮವಸ್ತ್ರದ ದಳಗಳಲ್ಲಿ ಮೂರನೇ ಬಗೆಯೂ ಇದೆ. 'ನನಗೇನೂ ಆಗಿಲ್ಲ ಸಾರ್' ಅಂದು ಎಲ್ಲಕ್ಕೂ ಸೊನ್ನೆ ಹಾಕಿ ಫಾರ್ಮ್ ವಾಪಸ್ ಕೊಡುವವರು. ಬಡ್ತಿಗೆ ಅಡ್ಡಿಯಾದೀತು, ಜೊತೆಯವರು ಹಗುರಾಗಿ ಕಂಡಾರು ಅನ್ನುವ ಭಯ ನಿಜ. ಅದಕ್ಕೆ ಆ ಮಾಡೆಲ್ ಕೊಡುವ 'ಬಾಧಿತರೇ ಅಲ್ಲದವರ' ಪ್ರಮಾಣವನ್ನು ಗಟ್ಟಿಮುಟ್ಟಾದವರ ಪ್ರಮಾಣ ಅಂತ ದಯವಿಟ್ಟು ಓದಬೇಡಿ. ಫಾರ್ಮ್ ಯಾರ ಕೈಗೆ ಕೊಟ್ಟರು ಅನ್ನುವುದನ್ನೂ ಡೇಟಾದಲ್ಲಿ ಇಡಿ. ಮೇಲಧಿಕಾರಿಯ ಕೈಗೋ, ಹೊರಗಿನವರ ಕೈಗೋ? ಅದು ಸೊನ್ನೆಗಳನ್ನು ಎಷ್ಟು ಬದಲಿಸುತ್ತದೆ ನೋಡಿ.

ಇವುಗಳಲ್ಲಿ ನನ್ನ ಆಯ್ಕೆ ಆರ್ಡಿನಲ್. ಒಟ್ಟು ಸ್ಕೋರನ್ನೇ ಮೆಟ್ಟಿಲುಗಳಾಗಿ ನೋಡುವ ಕ್ಯುಮುಲೇಟಿವ್ ಮಾಡೆಲ್. ಸೊನ್ನೆಯ ಗುಡ್ಡೆ, ಮೇಲಿನ ಮಿತಿ, ಉದ್ದ ಬಾಲ ಯಾವುದಕ್ಕೂ ಅದು ಕೆಡುವುದಿಲ್ಲ. ಕಟ್ಟಿದ ಮೇಲೆ ಸರಾಸರಿಯನ್ನೂ ತೆಗೆಯಬಹುದು, ಯಾವುದೇ ಅಂಕ ದಾಟುವ ಸಾಧ್ಯತೆಯನ್ನೂ ತೆಗೆಯಬಹುದು. ಅಂದರೆ ಕತ್ತರಿಸದೆಯೇ ಕತ್ತರಿಸಿದವರಿಗೆ ಬೇಕಾದ ಉತ್ತರ ಸಿಗುತ್ತದೆ. ಎಲ್ಲ ಮೆಟ್ಟಿಲಲ್ಲೂ ಪರಿಣಾಮ ಒಂದೇ ಅನ್ನುವ ಊಹೆಯನ್ನು ಮಾತ್ರ ಪರೀಕ್ಷಿಸಿ ನೋಡಬೇಕು.

ತಂಡವನ್ನು ಮರೆತರೆ

ಎನ್‌ಡಿಆರ್‌ಎಫ್‌ನ ಒಂದು ತಂಡ ಅಂದರೆ ಸುಮಾರು 45 ಜನ. ಒಟ್ಟಿಗೆ ಹೋಗುತ್ತಾರೆ, ಒಟ್ಟಿಗೆ ಮಲಗುತ್ತಾರೆ, ಒಂದೇ ಬೋಗಿಯಲ್ಲಿ ಕೆಲಸ ಮಾಡುತ್ತಾರೆ. ಒಬ್ಬ ಕಮಾಂಡರ್ ವಿಶ್ರಾಂತಿ ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ. ಹಾಗಾಗಿ ಒಂದೇ ತಂಡದವರ ಸ್ಕೋರ್‌ಗಳು ಒಂದನ್ನೊಂದು ಹೋಲುತ್ತವೆ. ಮಾಮೂಲಿ ರಿಗ್ರೆಷನ್ ಪ್ರತಿಯೊಬ್ಬರೂ ಬೇರೆ ಬೇರೆ ಊರಿಂದ ಬಂದ ಅಪರಿಚಿತರು ಅಂತ ಎಣಿಸುತ್ತದೆ.

ಒಂದು ಲೆಕ್ಕ ಹಾಕೋಣ. ಒಂಬತ್ತು ತಂಡ, ತಲಾ 45, ಒಟ್ಟು 405 ಜನ. ತಂಡದೊಳಗಿನ ಹೋಲಿಕೆ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರದೂ ಒಂದೇ) ಬರೀ 0.05 ಅನ್ನಿ. ನೋಡಲು ಏನೂ ಅಲ್ಲ ಅನ್ನಿಸುವ ಅಂಕಿ, ಅಲ್ವಾ? ಈ ಹೋಲಿಕೆ ಸ್ಯಾಂಪಲನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ವಿನ್ಯಾಸದ ಪರಿಣಾಮ 1 + 44 × 0.05, ಅಂದರೆ 3.2. ಕಮಾಂಡರ್‌ನ ಬೆಂಬಲ, ಸ್ಥಳದಲ್ಲಿ ಉಳಿದ ದಿನಗಳಂಥ ಇಡೀ ತಂಡಕ್ಕೆ ಒಂದೇ ಆಗಿರುವ ವಿಷಯಗಳ ಮಟ್ಟಿಗೆ ನಿಮ್ಮ 405 ಜನ ಸುಮಾರು 127 ಜನರಿಗೆ ಸಮ. ಇದನ್ನು ಮರೆತು ಬರುವ ಪಿ-ಮೌಲ್ಯ ಸುಳ್ಳು ಧೈರ್ಯ ಕೊಡುತ್ತದೆ. ಶವ ಎತ್ತಿದ್ದರೋ ಇಲ್ಲವೋ ಅನ್ನುವುದು ತಂಡದೊಳಗೇ ಬದಲಾಗುವುದರಿಂದ ಅಲ್ಲಿ ನಷ್ಟ ಇಷ್ಟಿರುವುದಿಲ್ಲ.

ಇದಕ್ಕೆ ಮೂರು ದಾರಿ. ವ್ಯಕ್ತಿ, ತಂಡ ಎರಡೂ ಮಟ್ಟವನ್ನು ಒಟ್ಟಿಗೆ ನೋಡುವ ಮಲ್ಟಿಲೆವೆಲ್ ಮಾಡೆಲ್, ಗುಂಪಿನೊಳಗಿನ ಹೋಲಿಕೆಗೆ ತಕ್ಕಂತೆ ದೋಷದ ಲೆಕ್ಕ ಸರಿಪಡಿಸುವ ಜಿಇಇ, ಅಥವಾ ಪ್ರತಿ ತಂಡಕ್ಕೂ ಒಂದು ಸ್ಥಿರ ಚರಾಂಶ, ಅಂದರೆ ತಂಡಕ್ಕೊಂದು ತನ್ನದೇ ಅಂಕಿ. ಜಿಇಇ ಸರಳ. ಆದರೆ ಅದರ ದೋಷದ ಲೆಕ್ಕ ನೆಚ್ಚಿಕೊಳ್ಳಲು ಸುಮಾರು 40 ಗುಂಪುಗಳಾದರೂ ಇರಬೇಕು. ಒಂಬತ್ತು ತಂಡಕ್ಕೆ ಜಿಇಇ ಹಾಕಿದರೆ ತಿದ್ದುಪಡಿ ಇಲ್ಲದೆ ನಂಬಬೇಡಿ. ಸ್ಥಿರ ಚರಾಂಶ ಹಾಕಿದರೆ ತಂಡದ ಎಲ್ಲ ಗೋಜಲನ್ನೂ ತೆಗೆದುಹಾಕಬಹುದು, ಆದರೆ ಕಮಾಂಡರ್‌ನ ಬೆಂಬಲದ ಬಗ್ಗೆ ಏನೂ ಹೇಳಲಾಗದು. ಅದೂ ಅದರ ಜೊತೆಗೇ ತೊಳೆದು ಹೋಗಿರುತ್ತದೆ. ಮಲ್ಟಿಲೆವೆಲ್ ಎರಡನ್ನೂ ಹೇಳುತ್ತದೆ. ತಂಡಗಳು ಕಡಿಮೆ ಇದ್ದಾಗ ಆರ್‌ಇಎಂಎಲ್ ಅನ್ನುವ ಅಂದಾಜಿನ ವಿಧಾನದ ಜೊತೆ ಕೆನ್‌ವರ್ಡ್-ರೋಜರ್ ತಿದ್ದುಪಡಿ, ಇಲ್ಲವೇ ಮಿತವಾದ ಪ್ರಯರ್ (ಮೊದಲೇ ಇಡುವ ಅಂದಾಜು) ಇಟ್ಟ ಬೇಯೀಸಿಯನ್ ಮಾಡೆಲ್ ಬಳಸಿ. ಉಚಿತವಾಗಿ ಸಿಗುವ ಆರ್ ಮತ್ತು ಜಾಸ್ಪ್ ಸಾಫ್ಟ್‌ವೇರ್‌ಗಳಲ್ಲಿ ಮಲ್ಟಿಲೆವೆಲ್ ಮಾಡೆಲ್ ಕಟ್ಟಬಹುದು.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ವ್ಯಕ್ತಿ ಎತ್ತಿದ ಶವಗಳ ಸಂಖ್ಯೆಯನ್ನು ಎರಡಾಗಿ ಒಡೆಯಿರಿ: ತಂಡದ ಸರಾಸರಿ, ಆ ಸರಾಸರಿಯಿಂದ ವ್ಯಕ್ತಿಯ ಅಂತರ. ತಾನು ಎತ್ತದಿದ್ದರೂ ಇಡೀ ತಂಡ ಎತ್ತಿದ್ದನ್ನು ಕಂಡವನ ನೋವು ಮೊದಲನೆಯದರಲ್ಲಿ ಕಾಣುತ್ತದೆ. ಒಡೆಯದಿದ್ದರೆ ಎರಡೂ ಕಲಸಿಹೋಗುತ್ತವೆ. ಎನ್‌ಡಿಆರ್‌ಎಫ್‌ನವರು ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಮುಂತಾದ ಪಡೆಗಳಿಂದ ನಿಯೋಜನೆಯ ಮೇಲೆ ಬಂದವರು ಅನ್ನುವುದೂ ನೆನಪಿರಲಿ. ಮೂಲ ಪಡೆಯನ್ನೂ ಕೇಳಿ ಬರೆದುಕೊಳ್ಳಿ. ಗಡಿಯಲ್ಲಿ ಕಂಡದ್ದು ಇಲ್ಲಿಗೂ ಬಂದಿರುತ್ತದೆ.

ಮತ್ತೆ ಮತ್ತೆ ಅಳೆದಾಗ

ಒಂದೇ ಸಲ ಅಳೆದರೆ ಯಾರು ಚೇತರಿಸಿಕೊಳ್ಳುತ್ತಿದ್ದಾರೆ, ಯಾರು ಕುಸಿಯುತ್ತಿದ್ದಾರೆ ತಿಳಿಯುವುದಿಲ್ಲ. ಮೂರು-ನಾಲ್ಕು ಸಲ ಅಳೆಯಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗ ಎದುರಾಗುವ ಆಯ್ಕೆ ಇದು: ಎಲ್ಲರಿಗೂ ಒಂದೇ ಕುಟುಂಬದ ಗೆರೆಗಳು ಅನ್ನುವ ಮಿಕ್ಸ್ಡ್ ಗ್ರೋತ್ ಮಾಡೆಲ್, ಅಥವಾ ಜನರನ್ನು ಗುಂಪುಗಳಾಗಿ ವಿಂಗಡಿಸುವ ಗ್ರೋತ್ ಮಿಕ್ಸ್ಚರ್ ಮಾಡೆಲ್.

ಎರಡನೆಯದು ಈಗ ತುಂಬ ಜನಪ್ರಿಯ. ಗಟ್ಟಿಯಾಗಿ ನಿಂತವರು, ಚೇತರಿಸಿಕೊಂಡವರು, ತಡವಾಗಿ ಕುಸಿದವರು, ಕುಸಿದೇ ಉಳಿದವರು ಅನ್ನುವ ಚಿತ್ರ ಕಣ್ಣಿಗೆ ಹಿಡಿಸುತ್ತದೆ. ನ್ಯೂಯಾರ್ಕ್‌ನ 2001ರ ದಾಳಿಯ ನಂತರ ದುಡಿದವರನ್ನು 8 ವರ್ಷ ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಬಂತು. ಪೊಲೀಸರಲ್ಲಿ 4 ದಾರಿಗಳು ಸಿಕ್ಕವು. ಕಟ್ಟಡ ಕಾರ್ಮಿಕರೂ ಸ್ವಯಂಸೇವಕರೂ ಸೇರಿದ್ದ ಇನ್ನೊಂದು ಗುಂಪಿನಲ್ಲಿ 6. ಪೊಲೀಸರಲ್ಲಿ ಸುಮಾರು 78% ಜನ ಗಟ್ಟಿಯಾಗಿ ನಿಂತ ದಾರಿಯಲ್ಲಿದ್ದರು, ಇನ್ನೊಂದು ಗುಂಪಿನಲ್ಲಿ ಸುಮಾರು 58%. ಸಾವಿರಾರು ಜನರ ಡೇಟಾ ಇದ್ದಿದ್ದರಿಂದ ಅದು ಸಾಧ್ಯವಾಯಿತು.

120 ಜನರ ಮೇಲೆ ಅದನ್ನೇ ಮಾಡಲು ಹೊರಡಬೇಡಿ. ಸ್ಕೋರ್ ಬರೀ ಓರೆಯಾಗಿ ಹರಡಿದ್ದರೂ ಸಾಕು, ಗುಂಪುಗಳೇ ಇಲ್ಲದ ಕಡೆ ಗುಂಪುಗಳು ಕಾಣುತ್ತವೆ ಅಂತ ಬಾವರ್ ಮತ್ತು ಕರನ್ 2003ರಲ್ಲೇ ತೋರಿಸಿದ್ದಾರೆ. ನಮ್ಮ ಸ್ಕೋರ್‌ಗಳು ಓರೆಯಾಗಿಯೇ ಇರುತ್ತವೆ. 2016ರಲ್ಲಿ ಇನ್‌ಫರ್ನಾ ಮತ್ತು ಲೂಥರ್ ಇನ್ನೊಂದು ಮಾತು ತೋರಿಸಿದರು. ಎಲ್ಲ ಗುಂಪುಗಳಲ್ಲೂ ಏರಿಳಿತ ಒಂದೇ ಅನ್ನುವ ಊಹೆಯನ್ನು ಸಡಿಲಿಸಿದರೆ 'ಗಟ್ಟಿಯಾಗಿ ನಿಂತವರ' ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಸಾಫ್ಟ್‌ವೇರ್‌ನ ಒಂದು ಡಿಫಾಲ್ಟ್ ಸೆಟ್ಟಿಂಗ್‌ನಿಂದ ಬಹುಪಾಲು ಜನಕ್ಕೆ ಸಹಾಯವೇ ಬೇಡ ಅನ್ನುವ ತೀರ್ಮಾನ ಬರುವುದಾದರೆ ಅದು ಗಂಭೀರ ವಿಷಯ. ಅನುದಾನ ಕೊಡುವವರು ಓದುವುದು ಆ ಅಂಕಿಯನ್ನೇ.

ಹಾಗಾಗಿ ಮೊದಲು ಮಿಕ್ಸ್ಡ್ ಗ್ರೋತ್ ಮಾಡೆಲ್. ನಡುವೆ ಬಿಟ್ಟುಹೋದವರ ವಿಷಯದಲ್ಲೂ ಅದೇ ಮೇಲು. ಹಿಂದಿನ ಸ್ಕೋರ್ ಜಾಸ್ತಿ ಇದ್ದವರು ಮುಂದಿನ ಸಲ ಬರದೇ ಹೋದರೆ ಮಿಕ್ಸ್ಡ್ ಮಾಡೆಲ್ ಒಂದು ಮಟ್ಟಿಗೆ ಸರಿದೂಗಿಸುತ್ತದೆ. ಮಾಮೂಲಿ ಜಿಇಇ ಸರಿದೂಗಿಸುವುದಿಲ್ಲ. ವರ್ಗಾವಣೆ, ರಜೆ, ಇನ್ನೊಂದು ಪ್ರವಾಹ ಅಂತ ಜನ ಕೈತಪ್ಪುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು.

ಉಳಿದ ದಾರಿಗಳು

ಯಾವುದರಿಂದ ಯಾವುದು ಅಂತ ಬಾಣ ಎಳೆಯುವ ಮೀಡಿಯೇಷನ್ ಮತ್ತು ಎಸ್‌ಇಎಂ ಮಾಡೆಲ್‌ಗಳ ಬಗ್ಗೆ ಒಂದೇ ಮಾತು. ಒಂದೇ ದಿನ ತುಂಬಿಸಿದ ಫಾರ್ಮ್‌ನಿಂದ 'ನಿದ್ದೆಗೆಟ್ಟಿದ್ದರಿಂದ ಒತ್ತಡ' ಅನ್ನುವ ಬಾಣ ಎಳೆಯಬೇಡಿ. ಒತ್ತಡದಿಂದಲೂ ನಿದ್ದೆಗೆಡುತ್ತದೆ. ಜಪಾನಿನ 2011ರ ಭೂಕಂಪದ ನಂತರ ಅಲ್ಲಿನ ವಿಪತ್ತು ವೈದ್ಯಕೀಯ ತಂಡಗಳ ಮೇಲೆ ನಡೆದ ಅಧ್ಯಯನ ಇದನ್ನು ಸರಿಯಾಗಿ ಮಾಡಿತು. ಘಟನೆಯ ಹೊತ್ತಿನ ಕಳವಳವನ್ನು ಮೊದಲು ಅಳೆದರು, ಲಕ್ಷಣಗಳನ್ನು ತಿಂಗಳುಗಳ ನಂತರ. ಟಿವಿಯಲ್ಲಿ ಭೂಕಂಪದ ಸುದ್ದಿಯನ್ನು ತಾಸುಗಟ್ಟಲೆ ನೋಡಿದ್ದಕ್ಕೂ ಲಕ್ಷಣಗಳಿಗೂ ನಂಟು ಕಂಡಿದ್ದು ಅಲ್ಲೇ. ಲಕ್ಷಣಗಳ ನಡುವಿನ ನಂಟನ್ನು ಬಲೆಯಾಗಿ ತೋರಿಸುವ ನೆಟ್‌ವರ್ಕ್ ಮಾಡೆಲ್‌ಗಳು ನೋಡಲು ಚೆಂದ, ಸಣ್ಣ ಸ್ಯಾಂಪಲ್‌ನಲ್ಲಿ ಸ್ಥಿರವಲ್ಲ. ಮಷೀನ್ ಲರ್ನಿಂಗ್ ಹಾಕುವಷ್ಟು ಡೇಟಾ ಒಂದು ದುರಂತದಿಂದ ಸಿಗುವುದು ಅಪರೂಪ.

ಹೋಲಿಕೆಯ ಗುಂಪಿನ ಬಗ್ಗೆ ಮಾತ್ರ ನಿಂತು ಯೋಚಿಸಿ. 2007ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಇನ್ನೊಂದು ಅಧ್ಯಯನದಲ್ಲಿ ಪಿಟಿಎಸ್‌ಡಿ ಲಕ್ಷಣ ಪೊಲೀಸರಲ್ಲಿ 6.2%, ಯಾವ ಸಂಸ್ಥೆಗೂ ಸೇರದ ಸ್ವಯಂಸೇವಕರಲ್ಲಿ 21.2%. ತರಬೇತಿಯ ಫಲವಿರಬಹುದು. ಆಯ್ಕೆಯಾಗಿ ಬಂದವರೇ ಗಟ್ಟಿ ಇದ್ದಿರಬಹುದು. ಬಾಯಿ ಬಿಡದಿರಬಹುದು. ಒಂದು ರಿಗ್ರೆಷನ್ ಈ ಮೂರನ್ನೂ ಬೇರ್ಪಡಿಸಲಾರದು. ಶಿರೂರಿನಲ್ಲೂ ಸಮವಸ್ತ್ರದವರ ಜೊತೆ ಕರಾವಳಿಯ ಮುಳುಗು ತಜ್ಞರು ಸ್ವಂತ ಇಚ್ಛೆಯಿಂದ ನೀರಿಗಿಳಿದರು. ಅಂಥವರ ಪಟ್ಟಿಯನ್ನು ಯಾರೂ ಇಟ್ಟಿರುವುದಿಲ್ಲ. ಅಧ್ಯಯನಕ್ಕೆ ಅವರನ್ನು ಹುಡುಕಿ ಸೇರಿಸಿ.

ನಿಮ್ಮ ಕೈಲಿರುವುದಕ್ಕೆ ತಕ್ಕ ಹಾಗೆ

ಒಂದೇ ಸಲದ ಅಳತೆ, ಇನ್ನೂರು-ಮುನ್ನೂರು ಜನ, ಐದಾರು ತಂಡ. ಎಂಎಸ್ಸಿ ಪ್ರಬಂಧಗಳ ಮಾಮೂಲಿ ಸ್ಥಿತಿ ಇದು. ಪೂರ್ತಿ ಸ್ಕೋರ್ ಮೇಲೆ ಆರ್ಡಿನಲ್ ಮಾಡೆಲ್, ತಂಡಕ್ಕೆ ಸ್ಥಿರ ಚರಾಂಶ, ದಿನಗಳಿಗೆ ಸ್ಪ್ಲೈನ್. ತಂಡದ ಮಟ್ಟದ ತೀರ್ಮಾನಗಳನ್ನು ಬಿಟ್ಟುಬಿಡಿ. ಹದಿನೈದು-ಇಪ್ಪತ್ತು ತಂಡ ಇದ್ದರೆ ಅದೇ ಆರ್ಡಿನಲ್ ಮಾಡೆಲನ್ನು ಮಲ್ಟಿಲೆವೆಲ್ ಮಾಡಿ. ಮೂರು ಸಲ ಅಥವಾ ಹೆಚ್ಚು ಅಳೆದಿದ್ದರೆ ಮಿಕ್ಸ್ಡ್ ಗ್ರೋತ್ ಮಾಡೆಲ್. ಗುಂಪು ವಿಂಗಡಿಸುವ ಆಸೆ ಇದ್ದರೆ ಬೇರೆ ಬೇರೆ ಊಹೆಗಳಲ್ಲಿ ಗುಂಪುಗಳು ಎಷ್ಟು ಬದಲಾದವು ಅನ್ನುವುದನ್ನೂ ಪ್ರಬಂಧದಲ್ಲೇ ತೋರಿಸಿ. ಹಿಂದಿ, ಮಲಯಾಳಂ, ಕನ್ನಡ ಫಾರ್ಮ್‌ಗಳನ್ನು ಬೆರೆಸಿದ್ದರೆ ಪ್ರಶ್ನೆಗಳು ಎಲ್ಲ ಭಾಷೆಯಲ್ಲೂ ಒಂದೇ ರೀತಿ ನಡೆದುಕೊಳ್ಳುತ್ತವೆಯೇ ಅಂತ ಮೊದಲು ನೋಡಿ. ತಂಡದ ಹೆಸರು, ಸ್ಥಳ, ವಯಸ್ಸು, ಹುದ್ದೆ ನಾಲ್ಕನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ 45 ಜನರ ತಂಡದಲ್ಲಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗೆ ಹಾಕಬೇಡಿ.

ಫಾರ್ಮ್ ಹಂಚುವ ಮೊದಲೇ ಇನ್ನೊಂದು ತೀರ್ಮಾನ ಆಗಿರಬೇಕು. ಅಂದೇ ಸಂಜೆ ಹಾಳೆಗಳನ್ನು ಯಾರು ನೋಡುತ್ತಾರೆ? ತುಂಬಾ ಹೆಚ್ಚು ಸ್ಕೋರ್ ಇದ್ದವರನ್ನು ಯಾರು ಮಾತಾಡಿಸುತ್ತಾರೆ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫಾರ್ಮ್‌ನ ಕೆಳಗೆ ಅಚ್ಚು ಹಾಕಿಸಿ, ಹರಿದು ಜೇಬಿಗಿಟ್ಟುಕೊಳ್ಳುವ ಹಾಗೆ.

ಫಲಿತಾಂಶ ಬರೆಯುವಾಗ ಕಮಾಂಡೆಂಟ್‌ಗೆ ಬೀಟಾ, ಆಡ್ಸ್ ರೇಶಿಯೋ ಕೊಡಬೇಡಿ. ಮೊದಲ ಮೂರು ದಿನ ಶವ ಎತ್ತುವ ಕೆಲಸದಲ್ಲೇ ಇದ್ದ 45 ಜನರ ತಂಡದಲ್ಲಿ, ಹತ್ತನೇ ದಿನಕ್ಕೆ ಎಷ್ಟು ಜನರಿಗೆ ಮಾತಾಡಿಸುವವರು ಬೇಕಾಗಬಹುದು? ಕಡಿಮೆಯೆಂದರೆ ಎಷ್ಟು, ಜಾಸ್ತಿಯೆಂದರೆ ಎಷ್ಟು? ಮಾಡೆಲ್‌ನಿಂದ ಆ ಎರಡು ಅಂಕಿ ತೆಗೆದು ವರದಿಯ ಮೊದಲ ಸಾಲಿನಲ್ಲಿ ಬರೆಯಿರಿ. ಎಷ್ಟು ಕೌನ್ಸೆಲರ್‌ಗಳನ್ನು ಕಳಿಸಬೇಕು ಅಂತ ಅವರು ನಿರ್ಧರಿಸುವುದು ಅದರ ಮೇಲೆಯೇ.